ನಿಂತು ಸವೆದದ್ದು

ವೇಗದ ವಿಷಯದಲ್ಲಿ ಮಿಜಾರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ನಮ್ಮ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಯವರು ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ, ಬರ್ಲಿನ್ನಿನಲ್ಲಿ 9.58ಕ್ಕೆ ಓಡಿದ್ದ ಉಸೇನ್ ಬೋಲ್ಟ್‌ನನ್ನು ಎಳೆದು ತಂದು ಪಕ್ಕದಲ್ಲಿ ನಿಲ್ಲಿಸಿದರು. ಕೇಂದ್ರದ ಕ್ರೀಡಾಮಂತ್ರಿಗಳು ಟ್ರಯಲ್ಸಿಗೆ ಕರೆದರು, ಗೌಡರು ಹೋಗಲಿಲ್ಲ. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಆ ದಾಖಲೆಯನ್ನೂ ಹಿಂದೆ ಹಾಕಿದರು. ನಾನು ಲೆಕ್ಕದ ಮಾಷ್ಟ್ರಾಗಿ ರಿಟೈರ್ ಆದವನು, ಕೈ ಸುಮ್ಮನಿರುವುದಿಲ್ಲ. ಗೌಡರ ಓಟವನ್ನು ಗಂಟೆಯ ಲೆಕ್ಕಕ್ಕೆ ತಂದರೆ ಸುಮಾರು 38 ಕಿಲೋಮೀಟರ್ ಆಗುತ್ತದೆ. ಈ ಸಂಖ್ಯೆ ಮುಂದೆ ಬೇಕಾಗುತ್ತದೆ, ಇಟ್ಟುಕೊಳ್ಳಿ.

ನನ್ನ ಸೋದರಳಿಯ ಬೆಂಗಳೂರಿನಿಂದ ತಂದ ಕಾರು ನಿಸ್ಸಾನ್ 370ಝಡ್. ಸೆಕೆಂಡ್ ಹ್ಯಾಂಡೋ ಥರ್ಡ್ ಹ್ಯಾಂಡೋ, ನಾನು ಕೇಳಲಿಲ್ಲ. 3.7 ಲೀಟರಿನ ಆರು ಸಿಲಿಂಡರ್ ಇಂಜಿನ್, 300ಕ್ಕೂ ಹೆಚ್ಚು ಕುದುರೆ. ಗೇರ್ ಇಳಿಸುವಾಗ ಇಂಜಿನ್ನು ತಾನಾಗಿಯೇ ಒಂದು ಗುಟುರು ಹಾಕಿ ವೇಗ ಹೊಂದಿಸಿಕೊಳ್ಳುವ ಏರ್ಪಾಡು ಬೇರೆ. ಬಾಗಿಲು ಎರಡು, ಸೀಟೂ ಎರಡೇ. ನನ್ನ ಹೆಂಡತಿ ಕಾರಿಗೆ ಒಂದು ಸುತ್ತು ಬಂದು, "ಇಷ್ಟು ದುಡ್ಡು ಕೊಟ್ಟು ಎರಡೇ ಸೀಟಾ? ನಿನ್ನ ಮದುವೆಗೆ ನಾವು ಟೆಂಪೋದಲ್ಲಿ ಬರುವುದಾ?" ಎಂದಳು.

"ಅತ್ತೆ, ಇದು ಫ್ಯಾಮಿಲಿ ಕಾರಲ್ಲ, ಪರ್ಫಾರ್ಮೆನ್ಸ್ ಕಾರು."

"ಆಗಲಿ, ನೋಡುವ," ಎಂದು ಅವಳು ಒಳಗೆ ಹೋದಳು.

ನೋಡಲಿಕ್ಕೆ ಮಾರ್ಗ ಬೇಕಲ್ಲ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 169 ಚತುಷ್ಪಥವಾಗುತ್ತಿದ್ದ ಕಾಲ ಅದು. ಒಂದು ಕಡೆ ಗುಡ್ಡ ಕಡಿದಿದ್ದಾರೆ, ಇನ್ನೊಂದು ಕಡೆ ಜಲ್ಲಿ ರಾಶಿ ಹಾಕಿದ್ದಾರೆ, ನಡುವೆ ಕೆಂಪು ಧೂಳು. ಎಡಪದವಿನ ತಿರುವಿನಲ್ಲಿ ಅಳಿಯ ಹೊಂಡ ಲೆಕ್ಕ ಹಾಕುತ್ತಿದ್ದಾಗ ಮೂಡುಬಿದಿರೆಯ ಎಕ್ಸ್‌ಪ್ರೆಸ್ ಬಸ್ಸೊಂದು ಹಾರ್ನ್ ಒತ್ತಿಕೊಂಡೇ ಬಲಬದಿಯಿಂದ ದಾಟಿ ಹೋಯಿತು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಕಾರಿನ ಕಡೆ ನೋಡಿ, ಪಾಪ ಅನ್ನುವ ಹಾಗೆ ಕೈ ಮಾಡಿದನಂತೆ. ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಟೈಮಿಂಗ್ ಇದೆ, ಸ್ಪೋರ್ಟ್ಸ್ ಕಾರಿಗೆ ಅದಿಲ್ಲ.

ಹೆದ್ದಾರಿಯಿಂದ ನಮ್ಮ ಮನೆಗೆ ಇಳಿಯುವ ದಾರಿಯದ್ದು ಬೇರೆಯೇ ಪುರಾಣ. ಮೊದಲು ತೋಡಿನ ಮೋರಿ, ಮೋರಿ ಕಳೆದ ಕೂಡಲೇ ಕಡಿದಾದ ಏರು, ಏರಿನ ನಡುವೆಯೇ ಒಂದು ತಿರುವು. ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣಿಗಿಂತಲೂ ಕೆಳಗೆ. ಹೊಟ್ಟೆ ತಾಗಬಾರದೆಂದು ಅಳಿಯ ಹಾಫ್ ಕ್ಲಚ್ಚಿನಲ್ಲಿ ಇಂಚಿಂಚು ಹತ್ತಿಸುವುದು, ನಿಲ್ಲಿಸುವುದು, ಇಳಿದು ಬಗ್ಗಿ ನೋಡುವುದು, ಮತ್ತೆ ಹತ್ತಿಸುವುದು. ಆ ದಾರಿಯಲ್ಲಿ ಕಾರಿನ ವೇಗ ಗೌಡರ 38ರ ಹತ್ತಿರ ಒಮ್ಮೆಯೂ ಸುಳಿಯಲಿಲ್ಲ. ಕೋಣ ಇಲ್ಲದೆ ಬರಿಗಾಲಲ್ಲಿ ನಡೆದರೂ ಅವರು ಮೊದಲು ಮುಟ್ಟುತ್ತಿದ್ದರು.

ಕ್ಲಚ್ಚೆಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಇಂಜಿನ್ನು ಸುಮ್ಮನೆ ನಿಂತಾಗಲೂ ನಿಮಿಷಕ್ಕೆ ಏಳೆಂಟುನೂರು ಸುತ್ತು ತಿರುಗುತ್ತಿರುತ್ತದೆ. ಚಕ್ರ ಮಾತ್ರ ನೆಲ ಕಚ್ಚಿ ಕೂತಿರುತ್ತದೆ. ಇಬ್ಬರನ್ನೂ ಒಮ್ಮೆಗೇ ಜೋಡಿಸಿದರೆ ಒಂದೋ ಇಂಜಿನ್ ಬಂದ್, ಇಲ್ಲವೋ ಕಾರು ಅಂಗಳ ದಾಟಿ ತೋಟಕ್ಕೆ. ಯಕ್ಷಗಾನದಲ್ಲಿ ಅಬ್ಬರಿಸುವ ರಾಜನಿಗೂ ಚಾಪೆಯ ಮೇಲೆ ಕೂತ ನಮಗೂ ನಡುವೆ ಹಾಸ್ಯಗಾರ ದೂತನಾಗಿ ಬರುತ್ತಾನೆ. ಆಸ್ಥಾನದ ಗರ್ಜನೆಯನ್ನು ಸ್ವಲ್ಪ ಜಾರಿಸಿ, ಸ್ವಲ್ಪ ಹಿಡಿದು, ನಮ್ಮ ಮಾತಿಗೆ ಇಳಿಸುತ್ತಾನೆ. ಕ್ಲಚ್ಚಿನ ಪಾತ್ರವೂ ಅದೇ. ತೆಂಕುತಿಟ್ಟಿನ ಹಾಸ್ಯಗಾರ ಮಿಜಾರು ಅಣ್ಣಪ್ಪನವರ ಊರಿನವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಈಗಿನ ವೇಗದ ಕಾರುಗಳಲ್ಲಿ ಈ ಪಾತ್ರ ಕಾಲಿನ ಕೈಬಿಟ್ಟಿದೆ. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇಟ್ಟು ಪೆಡಲನ್ನು ತೆಗೆಯಿತು. ಕ್ಲಚ್ ಎರಡಾದ ಮೇಲೆ ಪೆಡಲೇ ಇಲ್ಲ! ಅಳಿಯನಿಗೆ ಅಂಥದ್ದು ಬೇಡವಂತೆ. ಎಡಗಾಲಿಗೆ ಕೆಲಸವಿಲ್ಲದಿದ್ದರೆ ಡ್ರೈವಿಂಗ್ ಅನ್ನಿಸುವುದಿಲ್ಲವಂತೆ.

ಎಡಗಾಲು ಸಾಕಷ್ಟು ಕೆಲಸ ಮಾಡಿತ್ತು. ಒಂದು ದಿನ ಏರಿನಲ್ಲಿ ಇಂಜಿನ್ನು ಬೊಬ್ಬೆ ಹೊಡೆದರೂ ಕಾರು ಮುಂದೆ ಬರಲಿಲ್ಲ. ಸುಟ್ಟ ವಾಸನೆ ಅಂಗಳಕ್ಕೆ ಮುಟ್ಟಿ, ಹೆಂಡತಿ ಒಲೆ ನೋಡಲು ಓಡಿದಳು. ಹತ್ತು ಜನ ಸೇರಿ ಕಾರನ್ನು ಅಂಗಳಕ್ಕೆ ದೂಡಿದೆವು. ಹೊತ್ತುಕೊಂಡು ಹೋಗುವ ಲಾರಿ ಬಂದರೂ ಮೋರಿಯ ಹತ್ತಿರವೇ ನಿಂತು, ದೂರದಿಂದ ನೋಡಿ ಹಿಂದೆ ಹೋಯಿತು. ಪೇಟೆಯ ಮೆಕ್ಯಾನಿಕ್ ಬಂದರು. ಕೆಂಪುಕಲ್ಲು ಸಾಗಿಸುವ ಟಿಪ್ಪರುಗಳ ಕ್ಲಚ್ ಬದಲಿಸುವುದರಲ್ಲೇ ಕೂದಲು ಬಿಳಿ ಮಾಡಿಕೊಂಡವರು. ಬಗ್ಗಿ ನೋಡಿ, "ಹಿಂದಿನ ಚಕ್ರ ಎಳೆಯುವ ಗಾಡಿ ಅಲ್ವಾ ಮಾಷ್ಟ್ರೆ? ನಮ್ಮ ಟಿಪ್ಪರಿನ ಸಂಬಂಧಿಯೇ. ಇಲ್ಲೇ ಬಿಚ್ಚುವ," ಎಂದರು. ಸಂಬಂಧದ ಮಾತು ಕೇಳಿ ಅಳಿಯನ ಮುಖ ಸಪ್ಪೆಯಾಯಿತು.

ಅಮೆರಿಕದಲ್ಲಿ ಗಂಡಸರು ಇಂಥ ಕೆಲಸವನ್ನು ಮನೆಯ ಗ್ಯಾರೇಜಿನಲ್ಲಿ ಒಬ್ಬರೇ ಮಾಡಿಕೊಳ್ಳುತ್ತಾರಂತೆ. ನಮ್ಮಲ್ಲಿ ಮನೆಯಲ್ಲೇ ಎಂದರೆ ಊರಿನ ಎದುರೇ. ಅಡಿಕೆ ಬಾಚಿ ಬದಿಗೆ ಸರಿಸಿ ಜಾಗ ಮಾಡಿದ್ದೇ ತಡ, ಜನ ಸೇರಿದರು. ಬಡಗಮಿಜಾರಿನ ಮೈಟ್, ಶೋಭಾವನದ ಆಳ್ವಾಸ್ ಹೀಗೆ ಕೂಗಳತೆಯಲ್ಲಿ ಎರಡು ಇಂಜಿನಿಯರಿಂಗ್ ಕಾಲೇಜುಗಳಿರುವ ಊರು. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಹುಡುಗರೂ ಬಂದರು. ನೆರೆಮನೆಯವರು ಕಾರು ಎತ್ತಿ ಕೆಳಗೆ ನಾಲ್ಕು ಕೆಂಪುಕಲ್ಲು ಇಟ್ಟರಾಯಿತು ಎಂದರು. ಅಷ್ಟೂ ಹೊತ್ತು ನಗುತ್ತಿದ್ದ ಮೆಕ್ಯಾನಿಕ್ ಅಲ್ಲಿ ಮಾತ್ರ ನಗಲಿಲ್ಲ. ಮನೆಯ ಗೋಡೆ ಹೊರುವ ಕಲ್ಲು ಜಾಕಿನ ಜಾಗದಲ್ಲಿ ಯಾವಾಗ ಪುಡಿಯಾಗುತ್ತದೆಂದು ಹೇಳಲಾಗದು, ಅಡಿಯಲ್ಲಿ ಮಲಗುವವನು ನಾನು, ಎಂದರು. ಕಬ್ಬಿಣದ ಸ್ಟ್ಯಾಂಡುಗಳು ಬಂದವು. ಕಾರನ್ನು ಕೈಯಿಂದ ಅಲ್ಲಾಡಿಸಿ ನೋಡಿಯೇ ಅವರು ಗೋಣಿ ಹಾಸಿದ್ದು.

ಸೈಲೆನ್ಸರ್ ಪೈಪ್ ಬಂತು, ಪ್ರೊಪೆಲ್ಲರ್ ಶಾಫ್ಟ್ ಬಂತು, ಸ್ಟಾರ್ಟರ್ ಬಂತು. ಗೇರ್‌ಬಾಕ್ಸಿನ ಮೇಲ್ಬದಿಯ ಬೋಲ್ಟುಗಳೇ ಕಾಡಿದವು. ಅವು ಕಣ್ಣಿಗೆ ಕಾಣುವುದಿಲ್ಲ. ಎಕ್ಸ್‌ಟೆನ್ಶನ್ ರಾಡಿಗೆ ಇನ್ನೊಂದು ರಾಡ್ ಸೇರಿಸಿ, ಬೆರಳಿನಿಂದಲೇ ನೋಡಿ ಹುಡುಕಬೇಕು. ಆ ಹೊತ್ತಿನಲ್ಲಿ ಅಡಿಯಿಂದ ಕೇಳಿಬಂದ ತುಳುವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ನಾಲ್ಕು ಜನ "ಒಂಜಿ, ರಡ್ಡ್, ಮೂಜಿ" ಎಂದು ಗೇರ್‌ಬಾಕ್ಸನ್ನು ಹಿಂದೆ ಎಳೆದು ಇಳಿಸಿದರು.

ಪ್ರೆಶರ್ ಪ್ಲೇಟ್ ಬಿಚ್ಚಿದಾಗ ಹಳೆಯ ಕ್ಲಚ್ ಪ್ಲೇಟ್ ಮೆಕ್ಯಾನಿಕ್ಕಿನ ಅಂಗೈಗೆ ಬಿತ್ತು. ನಾನು ಕನ್ನಡಕ ಏರಿಸಿ ನೋಡಿದೆ. ಎರಡೂ ಬದಿಯ ಲೈನಿಂಗ್ ಸವೆದು ರಿವೆಟಿನ ತಲೆಗೆ ಬಂದಿತ್ತು. ಎರಡು ಕಡೆ ರಿವೆಟ್ ಉಜ್ಜಿ ಹೊಳೆಯುತ್ತಿತ್ತು. ಪ್ರೆಶರ್ ಪ್ಲೇಟಿನ ಉಕ್ಕಿನ ಮೇಲೆ ಕಾವಿಗೆ ಎದ್ದ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು. ಅಳಿಯ ಸ್ವಲ್ಪ ಹೆಮ್ಮೆಯಿಂದಲೇ, "ಹೈ ಸ್ಪೀಡ್ ಡ್ರೈವಿಂಗ್ ಅಲ್ವಾ, ಇಷ್ಟಾಗ್ತದೆ," ಎಂದ.

ಮೆಕ್ಯಾನಿಕ್ ಪ್ಲೇಟನ್ನು ತಿರುಗಿಸಿ ನೋಡಿದರು. "ಇಲ್ಲ ಮಾರಾಯ್ರೆ. ಸ್ಪೀಡಿನಲ್ಲಿ ಹೋಗುವಾಗ ಪ್ಲೇಟು ಹಿಡಿದುಕೊಂಡಿರ್ತದೆ, ಸವೆಯುವುದಿಲ್ಲ. ಇದು ಓಡಿ ಸವೆದದ್ದಲ್ಲ. ನಿಂತು ಸವೆದದ್ದು."

ಅಂಗಳದಲ್ಲಿ ಯಾರೂ ಮಾತಾಡಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಮಾತ್ರ, "ಪರ್ಫಾರ್ಮೆನ್ಸ್ ಗೊತ್ತಾಯ್ತು," ಎಂದು ಕೇಳಿಸಿತು.

ಜೋಡಿಸುವಾಗ ಅವರು ಬೇರೆಯೇ ಮನುಷ್ಯರಾದರು. ಹೊಸ ಪ್ಲೇಟಿನ ಮೇಲೆ ಎಣ್ಣೆಗೈ ಇಡಲು ಯಾರನ್ನೂ ಬಿಡಲಿಲ್ಲ, ನನ್ನ ಚಾದ ಲೋಟವನ್ನೂ ದೂರ ಇಡಿಸಿದರು. ಹೇಗೂ ಗೇರ್‌ಬಾಕ್ಸ್ ಇಳಿದಿದೆಯೆಂದು ಅದರ ಒಳಗೇ ಕೂರುವ ರಿಲೀಸ್ ಬೇರಿಂಗನ್ನೂ ಹೊಸತು ಹಾಕಿದರು. ಆಮೇಲೆ ಅದೊಂದಕ್ಕಾಗಿ ಪುನಃ ಇದೆಲ್ಲವನ್ನೂ ಬಿಚ್ಚಲು ಯಾರಿಂದಾಗುತ್ತದೆ? ಡಮ್ಮಿ ಶಾಫ್ಟ್ ತೂರಿಸಿ ಪ್ಲೇಟನ್ನು ನಡುಮಧ್ಯಕ್ಕೆ ತಂದು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದರು. ಟಿಪ್ಪರಿಗೆ ಕೈಯ ಅಂದಾಜಿನಲ್ಲೇ ಬಿಗಿಯುವವರು ಇದಕ್ಕೆ ಟಾರ್ಕ್ ರೆಂಚ್ ಬೇಕೆಂದು ಹಟ ಹಿಡಿದು ಕಾಲೇಜಿನ ಹುಡುಗರನ್ನು ಓಡಿಸಿದರು. ರೆಂಚ್ 'ಟಕ್' ಎಂದಾಗಲೆಲ್ಲ ಹುಡುಗರು ಒಟ್ಟಿಗೆ ಎಣಿಸಿದರು. ಗೇರ್‌ಬಾಕ್ಸ್ ಪುನಃ ಕೂರುವಾಗ ತುಂಬ ಸತಾಯಿಸಿತು. ಶಾಫ್ಟಿನ ಹಲ್ಲು ಪ್ಲೇಟಿನ ಹಲ್ಲಿಗೆ ಕೂಡಬೇಕು, ಒಂದು ಕೂದಲು ಆಚೀಚೆಯಾದರೂ ಒಳಗೆ ಹೋಗದು. ನಾಲ್ವರು ಹೊತ್ತು ನಿಂತು ಬೆವರುತ್ತಿದ್ದಾಗ ಮೆಕ್ಯಾನಿಕ್ ಹಿಂದಿನ ತುದಿಯಿಂದ ಶಾಫ್ಟನ್ನು ಒಂದಿಷ್ಟೇ ತಿರುಗಿಸಿದರು. ಅದು ಸರ್ರನೆ ಒಳಗೆ ಹೋಯಿತು.

ಅಂಗಳದಲ್ಲೇ ಮುಂದೆ ಹಿಂದೆ ಮಾಡಿ ನೋಡಿದ್ದಾಯಿತು. ಹೊರಡುವ ಮೊದಲು ಮೆಕ್ಯಾನಿಕ್ ಬುದ್ಧಿ ಹೇಳಿದರು: ಹೊಸ ಪ್ಲೇಟು ಹಿಡಿತಕ್ಕೆ ಬರಬೇಕು, 800 ಕಿಲೋಮೀಟರ್ ಆಗುವವರೆಗೆ ಮೆತ್ತಗೆ ಓಡಿಸಬೇಕು, ಎಡಗಾಲು ಸುಮ್ಮನೆ ಪೆಡಲಿನ ಮೇಲೆ ಇಡಬಾರದು.

ಲೆಕ್ಕದ ಮಾಷ್ಟ್ರು ನಾನಾದರೂ ಲೆಕ್ಕ ಮೊದಲು ಬಂದದ್ದು ಬಾಗಿಲಿನಿಂದ. "ಬೆಂಗಳೂರಿಗೆ ಮುನ್ನೂರೈವತ್ತು. ಚೌತಿಗೆ ನೀನು ಬರಲೇಬೇಕು, ಅಲ್ಲಿಗೆ ಏಳುನೂರು. ಉಳಿದ ನೂರಕ್ಕೆ ನಾಳೆ ಬೆಳಿಗ್ಗೆ ಧರ್ಮಸ್ಥಳಕ್ಕೆ ಹೋಗಿ ಬರುವ. ಮೆತ್ತಗೆ ಹೋಗುವ ಕಾರಾದರೆ ನನಗೂ ಅಡ್ಡಿಯಿಲ್ಲ."

"ನಾನು?" ಎಂದೆ.

"ಎರಡೇ ಸೀಟಲ್ವಾ. ನೀವು ಬಸ್ಸಲ್ಲಿ ಬನ್ನಿ. ಮೊದಲು ಮುಟ್ಟುವುದು ನೀವೇ, ಸಾಲಿನಲ್ಲಿ ನಮಗೂ ಜಾಗ ಹಿಡಿದಿಡಿ."