ತೆಂಗಿನಕಾಯಿಗೆ ಲೆಕ್ಕ, ಲಕ್ಷಕ್ಕೆ ಚಪ್ಪಾಳೆ

ನಮ್ಮೂರ ದೇವಸ್ಥಾನದ ವಾರ್ಷಿಕ ಸಭೆಗೆ ತಪ್ಪದೆ ಬರುವ ಒಬ್ಬ ಅಜ್ಜ ಇದ್ದಾರೆ. ದೇವಸ್ಥಾನದ ಹೊಣೆ ಹೊತ್ತ ತಕ್ಕರು ಹಬ್ಬದ ಖರ್ಚುವೆಚ್ಚ ಓದಿ ಮುಗಿಸುವುದನ್ನೇ ಕಾದಿದ್ದು ಎದ್ದು ನಿಲ್ಲುತ್ತಾರೆ. "ತೆಂಗಿನಕಾಯಿ ನೂರಿಪ್ಪತ್ತು ಅಂತ ಬರೆದಿದ್ದೀರಿ. ಒಡೆದದ್ದು ತೊಂಬತ್ತು. ಮಿಕ್ಕ ಮೂವತ್ತು ಯಾರ ಮನೆ ಸಾರಿಗೆ ಬಿತ್ತು ತಕ್ಕರೇ?" ಸಭೆ ನಗುತ್ತದೆ, ತಕ್ಕರ ಕಿವಿ ಕೆಂಪಾಗುತ್ತದೆ. ಮಾರನೆಯ ವರ್ಷ ಆ ಮೂವತ್ತು ಕಾಯಿ ಲೆಕ್ಕದೊಳಗೆ ಬಂದು ಕೂತಿರುತ್ತವೆ.

ಅದೇ ಅಜ್ಜ ಕಳೆದ ಮಾರ್ಚಿನಲ್ಲಿ ಶಾಲೆಯಂಗಳದ ಶಾಮಿಯಾನದಡಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಬೆಂಗಳೂರಿನಿಂದ ಒಂದು ಕಂಪನಿ ಬಂದಿತ್ತು. (ಹೆಸರು ನಾನು ಹೇಳುವುದಿಲ್ಲ, ಗೋಡೆಯ ಮೇಲೆ ಅವರೇ ಬೇಕಾದಷ್ಟು ದೊಡ್ಡದಾಗಿ ಬರೆಸಿಕೊಂಡಿದ್ದಾರೆ.) ಶುದ್ಧ ಕುಡಿಯುವ ನೀರಿನ ಘಟಕದ ಹಸ್ತಾಂತರ. ಘಟಕ ಒಂದು, ಇನ್ನೋವಾ ಆರು, ಡ್ರೋನ್ ಒಂದು, ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಉದ್ಯೋಗಿಗಳು ಒಂದು ಬಸ್ಸು ತುಂಬ. ನಲ್ಲಿ ತಿರುಗಿಸುವ ಫೋಟೋ ಸರಿ ಬರಲಿಲ್ಲವೆಂದು ಮಕ್ಕಳು ಮೂರು ಸಲ ನೀರು ಕುಡಿದರು.

"ಎಷ್ಟು ಖರ್ಚಾಯಿತಂತೆ ಅಜ್ಜ?" ಎಂದು ಮೆಲ್ಲಗೆ ಕೇಳಿದೆ. ಅಜ್ಜ ನನ್ನನ್ನು ನೋಡಿದ ರೀತಿಗೆ ನಾನು ಅವರ ಮನೆಯ ಮೆಣಸಿನ ಚೀಲಕ್ಕೆ ಕೈ ಹಾಕಿದೆನೇನೋ ಅನ್ನಿಸಿತು. "ಪುಕ್ಕಟೆ ಕೊಟ್ಟವರ ಹತ್ತಿರ ಹಾಗೆಲ್ಲ ಕೇಳ್ತಾರಾ ಮಾರಾಯ? ದಾನ ಕೊಟ್ಟ ದನದ ಹಲ್ಲು ಎಣಿಸಬಾರದು."

ಅಜ್ಜ ಎಡವಿದ್ದು ಇಲ್ಲಿಯೇ. ಇದು ದಾನವೇ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, 2014ರ ಏಪ್ರಿಲ್ 1ರಿಂದ ಜಾರಿ. 500 ಕೋಟಿ ನಿವ್ವಳ ಆಸ್ತಿಯೋ, 1,000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಇದಕ್ಕೆ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಎಂದು ಹೆಸರು. ಮಾಡದೆ ಉಳಿದದ್ದನ್ನು ಮಾರ್ಚಿಗೆ ಆರ್ಥಿಕ ವರ್ಷ ಮುಗಿದ ಮೇಲೆ ಬೇರೆ ಖಾತೆಗೋ ಸರ್ಕಾರ ಹೇಳಿದ ನಿಧಿಗೋ ಹಾಕಬೇಕು, ಇಲ್ಲದಿದ್ದರೆ ದಂಡ. ಕರ್ಣನೂ ಬಲಿಯೂ ದಾನ ಕೊಟ್ಟದ್ದು ಲೆಕ್ಕಪರಿಶೋಧಕರಿಗೆ ಹೆದರಿ ಅಲ್ಲ. ಕಂದಾಯ ಕಟ್ಟಿದವನಿಗೆ ಯಾರಾದರೂ ಶಾಲು ಹೊದಿಸುತ್ತಾರೆಯೇ? ನಾವು ಹೊದಿಸುತ್ತೇವೆ. ಜೊತೆಗೊಂದು ಕಿತ್ತಳೆ ಬುಟ್ಟಿ.

ಮಾರ್ಚೇ ಏಕೆ ಎಂಬುದೂ ಇದರಿಂದ ತಿಳಿಯುತ್ತದೆ. ಮಾರ್ಚ್‌ನಲ್ಲಿ ನಮ್ಮ ಕೊಡಗಿಗೆ ಎರಡು ಮಳೆ: ಕಾಫಿಗೆ ಹೂಮಳೆ, ಶಾಲೆಗಳಿಗೆ ಸಿಎಸ್‌ಆರ್ ಮಳೆ. ಹೂಮಳೆ ಬಿದ್ದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬರದಿದ್ದರೆ ಕಾಯಿ ಕಟ್ಟುವುದಿಲ್ಲ. ತೋಟದವರು ಆ ಎರಡನೇ ಮಳೆಯನ್ನು ಬ್ಯಾಕಿಂಗ್ ಎನ್ನುತ್ತಾರೆ. ಸಿಎಸ್‌ಆರ್ ಮಳೆಗೆ ಬ್ಯಾಕಿಂಗ್ ಎಂಬುದಿಲ್ಲ. ನಮ್ಮ ಘಟಕದ ಫಿಲ್ಟರ್ ಆಗಸ್ಟಿನಲ್ಲಿ ಕಟ್ಟಿಕೊಂಡಿತು. ಪಂಚಾಯಿತಿ "ಅದು ಶಾಲೆಯದ್ದು" ಎಂದಿತು, ಶಾಲೆ "ಕಂಪನಿಯದ್ದು" ಎಂದಿತು. ಕಂಪನಿ ಸೌಜನ್ಯದಿಂದ, ಅದನ್ನು ಹಸ್ತಾಂತರಿಸಿ ಆಗಿದೆ ಎಂದು ತಿಳಿಸಿತು. ಸಿಎಸ್‌ಆರ್ ಹಣದಲ್ಲಿ ಆದ ಆಸ್ತಿ ಯಾರ ಹೆಸರಿನಲ್ಲಿರಬೇಕು ಎಂದು 2021ರ ನಿಯಮದಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಬರೆದಿಲ್ಲ.

"ಹಾಗಾದರೆ ಸರ್ಕಾರ ಬಂದು ನೋಡುವುದಿಲ್ವಾ?" ಎಂದರು ಪಕ್ಕದ ತೋಟದ ಭಾವ. ನೋಡುತ್ತದೆ ಭಾವ, ಕಾಗದವನ್ನು. ಸಿಎಸ್‌ಆರ್ ಎಂಬುದು ಕಂಪನಿಯ ಆಡಳಿತ ಮಂಡಳಿಯೇ ನಡೆಸುವ ವ್ಯವಹಾರ, ಯೋಜನೆ ಒಪ್ಪುವುದರಲ್ಲಿ, ಜಾರಿ ಮಾಡುವುದರಲ್ಲಿ ತನ್ನ ನೇರ ಪಾತ್ರ ಇಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಪ್ರಶ್ನೋತ್ತರದಲ್ಲೇ ತಿಳಿಸಿದೆ. ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕೆಂಬ ನಿಯಮ ಉಂಟು. ಆದರೆ ಅದು ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಹೆಚ್ಚು ಸಿಎಸ್‌ಆರ್ ಹೊಣೆ ಇರುವ ಕಂಪನಿಗಳ ಯೋಜನೆಗಳಿಗೆ. ಅದರಲ್ಲೂ ಒಂದೊಂದು 1 ಕೋಟಿಗೆ ಕಡಿಮೆ ಇರಬಾರದು. ನಮ್ಮೂರಿಗೆ ಬರುವುದು ಎರಡು ಶೌಚಾಲಯ, ಇಪ್ಪತ್ತು ಬೆಂಚು, ಒಂದು ನೀರಿನ ಘಟಕ. ಆ ಮೌಲ್ಯಮಾಪಕರಿಗೆ ಕೊಡಗಿನ ಗಡಿಯ ಕೊಪ್ಪ ಸೇತುವೆ ದಾಟುವ ಪ್ರಮೇಯವೇ ಬರುವುದಿಲ್ಲ.

ಇನ್ನು ದಾಖಲೆಯ ಮಾತು. ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್ ಎಂಬುದೊಂದಿದೆ. ಯಾವ ರಾಜ್ಯಕ್ಕೆ ಎಷ್ಟು ಹೋಯಿತು ಎಂದು ಅದರಲ್ಲಿ ನೋಡಬಹುದು. ಕರ್ನಾಟಕ, ಕೇರಳ, ತಮಿಳುನಾಡಿನ ಜೊತೆಗೆ ಅಲ್ಲಿ 'ಪ್ಯಾನ್ ಇಂಡಿಯಾ' ಎಂಬ ರಾಜ್ಯವೂ 'ನಮೂದಿಸಿಲ್ಲ' ಎಂಬ ರಾಜ್ಯವೂ ಇವೆ. ಈ ಎರಡು ರಾಜ್ಯಗಳಿಗೆ ರಾಜಧಾನಿ ಇಲ್ಲ, ಮುಖ್ಯಮಂತ್ರಿ ಇಲ್ಲ, ಗಡಿ ತಂಟೆ ಇಲ್ಲ. ಹಣ ಮಾತ್ರ ತಪ್ಪದೆ ತಲುಪುತ್ತದೆ. ಕೊಡಗಿನವರಾದ ನಮಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. 1956ರವರೆಗೆ ನಾವೂ 'ಸಿ' ದರ್ಜೆಯ ಒಂದು ರಾಜ್ಯವಾಗಿದ್ದವರು, ಸಿ.ಎಂ. ಪೂಣಚ್ಚ ನಮ್ಮ ಮುಖ್ಯಮಂತ್ರಿ. ವಿಲೀನವಾಗುವ ಬದಲು 'ನಮೂದಿಸಿಲ್ಲ' ಎಂದು ಹೆಸರು ಬದಲಿಸಿಕೊಂಡಿದ್ದರೆ ಇಂದು ನಮ್ಮ ರಸ್ತೆಗಳು ಬೇರೆಯೇ ಇರುತ್ತಿದ್ದವು.

ಕಂಪನಿಗಳ ವಾರ್ಷಿಕ ವರದಿಯಲ್ಲಿ ಮೊದಲು ಯಾವ ಯೋಜನೆ, ಯಾವ ಜಿಲ್ಲೆ, ಎಷ್ಟು ಹಣ, ಯಾರ ಮೂಲಕ ಎಂಬ ಪಟ್ಟಿ ಇರುತ್ತಿತ್ತು. ಅದು ನೋಡುವವರ ಕಣ್ಣಿಗೆ ಭಾರವೆಂದೋ ಏನೋ, 2022ರ ಸೆಪ್ಟೆಂಬರ್ ತಿದ್ದುಪಡಿ ಆ ನಮೂನೆಯನ್ನು ಸರಳಗೊಳಿಸಿತು. ಪಟ್ಟಿ ಹೋಗಿ ಒಟ್ಟು ಮೊತ್ತ ಉಳಿಯಿತು. ವಿವರ ಬೇರೆ ಫಾರಂನಲ್ಲಿ ಸಚಿವಾಲಯಕ್ಕೆ ಹೋಗುತ್ತದೆ. ನಮ್ಮ ತಕ್ಕರು "ಹಬ್ಬಕ್ಕೆ ಒಟ್ಟು ಇಷ್ಟಾಯಿತು, ವಿವರ ದೇವರಿಗೆ ಒಪ್ಪಿಸಿದ್ದೇನೆ" ಎಂದು ಓದಿ ಕೂತಿದ್ದರೆ ಅಜ್ಜ ಬಿಡುತ್ತಿದ್ದರೇ?

ಕಂಪನಿ ತಾನು ದುಡಿಯುವ ಜಾಗಕ್ಕೆ ಮೊದಲ ಆದ್ಯತೆ ಕೊಡಬೇಕು ಎಂದೂ ಕಾಯ್ದೆಯಲ್ಲಿದೆ. ಕೂರ್ಗ್ ಎಂಬ ಎರಡು ಅಕ್ಷರ ಬಿದ್ದ ತಕ್ಷಣ ಕಾಫಿಪುಡಿ, ಜೇನು, ಚಾಕೊಲೇಟು ಎಲ್ಲಕ್ಕೂ ಬೆಲೆ ಏರುವುದು ನಿಮಗೆ ಗೊತ್ತು. (ಇಂಗ್ಲಿಷ್‌ ಲೆಕ್ಕದಲ್ಲಿ ಐದು. ಬೆಲೆ ಏರುವುದು ಆ ಐದಕ್ಕೇ.) ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಒಂದೇ ಜಿಲ್ಲೆಯದು. ಆದರೆ ಕಂಪನಿಯ ನೋಂದಾಯಿತ ಕಚೇರಿ ಇರುವುದು ಮಹಾನಗರದಲ್ಲಿ. ಅದರ 'ಸ್ಥಳೀಯ' ಎಂದರೆ ಲಿಫ್ಟಿನ ಸುತ್ತಮುತ್ತ. ಆ ಆದ್ಯತೆಯ ಮಾತು ಸೂಚನೆಯಷ್ಟೇ, ಕಡ್ಡಾಯವಲ್ಲ ಎಂದು ಸಚಿವಾಲಯವೇ ಸಮಾಧಾನ ಹೇಳಿದೆ.

ಎಲ್ಲರನ್ನೂ ಒಂದೇ ಮೊರದಲ್ಲಿ ಕೇರಿದರೆ ತಪ್ಪಾಗುತ್ತದೆ. ಟಾಟಾ ಕಾಫಿಯವರು ಕೂರ್ಗ್ ಫೌಂಡೇಶನ್ ಮಾಡಿದ್ದು 1994ರಲ್ಲಿ, ಕಾನೂನು ಬರುವ ಇಪ್ಪತ್ತು ವರ್ಷ ಮೊದಲು. ಸುಂಟಿಕೊಪ್ಪದಲ್ಲಿ ವಿಶೇಷ ಮಕ್ಕಳ 'ಸ್ವಸ್ಥ' ಕೇಂದ್ರ ಇದೆ, ಹೋಗಿ ನೋಡಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಕ್ಕಂದೂರು, ಜೋಡುಪಾಲದ ಕಡೆಯವರು ಮನೆ ಕಳೆದುಕೊಂಡಾಗ ಇನ್ಫೋಸಿಸ್ ಪ್ರತಿಷ್ಠಾನ ಜಂಬೂರಿನಲ್ಲಿ ಮನೆ ಕಟ್ಟಿಸಿತು. ಮನೆಯನ್ನು ಎಣಿಸಬಹುದು, ಗೋಡೆಯನ್ನು ತಟ್ಟಬಹುದು, ಸೋರಿದರೆ ಒಳಗಿದ್ದವರು ಬಾಯಿಬಿಟ್ಟು ಹೇಳುತ್ತಾರೆ. ಎಣಿಸಲು ಬಾರದ ಸೇವೆಯದ್ದೇ ತೊಂದರೆ: 'ಜಾಗೃತಿ', 'ಸಬಲೀಕರಣ', 'ಸ್ಪರ್ಶಿಸಿದ ಬದುಕುಗಳು'. ಒಂದು ವರದಿ ಓದುತ್ತಾ ನನ್ನ ಬದುಕನ್ನೂ ಸ್ಪರ್ಶಿಸಿದ್ದಾರೆಂದು ನನಗೆ ತಿಳಿಯಿತು. ಆವತ್ತು ಶಾಮಿಯಾನದಡಿ ಕೂತಿದ್ದೆನಲ್ಲ.

ಗಿಡ ನೆಡುವವರನ್ನು ಮಾತ್ರ ನನ್ನಿಂದ ಕ್ಷಮಿಸಲಾಗದು. ಕೊಡಗಿಗೆ ಬಂದು ಗಿಡ ನೆಡುವುದು ತಲಕಾವೇರಿಗೆ ಕೊಡದಲ್ಲಿ ನೀರು ಹೊತ್ತಂತೆ. ಇಲ್ಲಿ ಬೇಲಿಗೆ ನೆಟ್ಟ ಗೂಟವೂ ಚಿಗುರುತ್ತದೆ. ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ವಿದ್ಯುತ್ ಮಾರ್ಗಕ್ಕೆ ಸಾವಿರಾರು ಮರ ಉರುಳಿದಾಗ ಊರಿನವರು ಬೀದಿಗಿಳಿದರು. ಆಗ ಈ ಟೀ ಶರ್ಟಿನವರ ಬಸ್ಸು ಬಂದದ್ದು ನನಗೆ ನೆನಪಿಲ್ಲ. 2019ರ ಜೂನ್‌ನಲ್ಲಿ ಕೊಡಗಿನ ಹುಡುಗ ಹುಡುಗಿಯರು ನಮಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು ಜಾಲತಾಣದಲ್ಲಿ ಕೂಗಿ ಹೇಳಿದರು, ಜೀವ ಹಿಡಿದುಕೊಂಡು ಮೈಸೂರಿಗೋ ಮಂಗಳೂರಿಗೋ ಓಡುವವರ ಪಾಡು ಅದು. ಊರಿಗೆ ಏನು ಬೇಕೆಂದು ಊರನ್ನು ಕೇಳಬೇಕು ಎಂದು ಸಿಎಸ್‌ಆರ್ ಕಾನೂನು ಎಲ್ಲೂ ಹೇಳುವುದಿಲ್ಲ. ಹಾಗಾಗಿ ಸಸಿ ಬರುತ್ತದೆ.

ಇನ್ನೊಂದು ಸೊಗಸು ತೋಟ ಕಾರ್ಮಿಕರ ಲೈನ್‌ಮನೆಯದು. ತೋಟದ ಕಾರ್ಮಿಕನಿಗೆ ಮನೆ, ನೀರು, ಶೌಚಾಲಯ ಕೊಡುವುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮಾಲೀಕನ ಹೊಣೆ. ತನ್ನ ನೌಕರರಿಗಷ್ಟೇ ಅನುಕೂಲವಾಗುವ ಖರ್ಚನ್ನು ಸಿಎಸ್‌ಆರ್ ಎಂದು ತೋರಿಸುವಂತಿಲ್ಲ. ಸರಿಯಾದ ನಿಯಮವೇ. ಆದರೆ ಫಲ ನೋಡಿ: ಲೈನ್‌ಮನೆಯ ಹೆಂಚು ಸರಿಮಾಡಿದರೆ ಅದು ಬರಿಯ ಖರ್ಚು; ದೂರದ ಊರಿನ ಗೋಡೆಗೆ ಬಣ್ಣ ಬಳಿದರೆ ಸಮಾಜಸೇವೆ, ಮೇಲೊಂದು ಪ್ರಶಸ್ತಿ. ಸೋರುವ ಹೆಂಚಿನ ಕೆಳಗೆ ಡ್ರೋನ್ ಹಾರುವುದಿಲ್ಲ.

ಮೊನ್ನೆ ನಮ್ಮ ಘಟಕಕ್ಕೆ ಮೊದಲ ಸ್ವತಂತ್ರ ಮೌಲ್ಯಮಾಪನ ಆಯಿತು. ರಾತ್ರಿ ಎರಡು ಗಂಟೆಗೆ ಒಂಟಿ ಸಲಗ ಬಂದು ಹಲಸಿನ ಮರ ನೋಡಿ, ಘಟಕದ ತೊಟ್ಟಿಗೆ ಸೊಂಡಿಲು ಹಾಕಿ, ನೀರಿಲ್ಲದ್ದು ಖಚಿತವಾದ ಮೇಲೆ ಕಂಪನಿಯ ಬೋರ್ಡನ್ನು ಮಲಗಿಸಿ ಹೋಗಿದೆ. ಶುಲ್ಕ ಕೇಳಲಿಲ್ಲ, ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಲಿಲ್ಲ.

ಬರುವ ಮಾರ್ಚಿಗೆ ಇನ್ನೊಂದು ಕಂಪನಿ ಬರಲಿದೆಯಂತೆ. ಮುಖ್ಯ ಶಿಕ್ಷಕರಲ್ಲಿ ನನ್ನದೊಂದೇ ಕೋರಿಕೆ: ವೇದಿಕೆಗೆ ಯಾರನ್ನಾದರೂ ಕರೆಯಿರಿ, ಶಾಲನ್ನು ಯಾರಿಗಾದರೂ ಹೊದಿಸಿ. ಲೆಕ್ಕವನ್ನು ಮಾತ್ರ ಮೈಕಿನಲ್ಲಿ, ಕನ್ನಡದಲ್ಲಿ, ಫಿಲ್ಟರಿನ ಬೆಲೆ ಸಹಿತ ಓದಿಸಿ. ತೆಂಗಿನಕಾಯಿ ಅಜ್ಜನನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಇದು ದಾನವಲ್ಲ ಎಂದು ಅವರಿಗೆ ನಾನು ಹೇಳಿಟ್ಟಿರುತ್ತೇನೆ.