ದನವಿಲ್ಲದ ಹುಲ್ಲು

ಕಂಪನಿ ಕೆಲಸದ ಮೇಲೆ ಟರ್ಕಿಗೆ ಹೋಗಿದ್ದ ನಮ್ಮಣ್ಣನ ಮಗ ಅಂಟಾಲ್ಯ ಹತ್ತಿರದ ಬೆಲೆಕ್ ಎಂಬ ಊರಿನ ಗಾಲ್ಫ್ ಮೈದಾನಗಳ ಫೋಟೊ ಕಳಿಸಿದ್ದ. ಮಲೆ ಮಹದೇಶ್ವರ ಬೆಟ್ಟದ ದಾರಿಯ ನಮ್ಮೂರು ರಾಮಾಪುರದ ಟೀ ಅಂಗಡಿಯಲ್ಲಿ ಮೊಬೈಲು ಕೈಯಿಂದ ಕೈಗೆ ಹೋಯಿತು. ಪೈನ್ ಮರಗಳ ನಡುವೆ ಕಣ್ಣು ಕುಕ್ಕುವ ಹಸಿರು, ಆಚೆಗೆ ಸಮುದ್ರ. ವಯಸ್ಸಿನಲ್ಲಿ ಕಾಡಂಚಿನ ದೊಡ್ಡಿಯಲ್ಲಿ ದನ ಕಾದಿದ್ದ ನಮ್ಮ ಮಾವ ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇಷ್ಟೊಂದ್ ಹುಲ್ಲದೆ, ಒಂದ್ ದನಾನೂ ಇಲ್ವಲ್ಲ ಕಣ್ಲಾ!" ಅಂದರು.

ಗಾಲ್ಫ್ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಕೇಳಿಲ್ಲ. ಆಟವೇನೋ ನಮಗೆ ಹೊಸದಲ್ಲ. ಗೋಲಿ ಆಡುವಾಗ ನಾವು ಹಿಮ್ಮಡಿಯೂರಿ ಗಿರ್ರನೆ ತಿರುಗಿ ಮಾಡುತ್ತಿದ್ದ ಗುಳಿಗೂ ಅವರ ನಾಲ್ಕೂಕಾಲು ಅಂಗುಲದ ಗುಳಿಗೂ ಅಳತೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ನಮಗೆ ಒಂದೇ ಗುಳಿ ಸಾಕಿತ್ತು, ಅವರಿಗೆ 18 ಬೇಕು. ನಮಗೆ ಬೆರಳೇ ಕೋಲು. ಅವರು 14 ಕೋಲಿನವರೆಗೂ ಹೊರಬಹುದು, ಅಥವಾ ಹೊರಿಸಬಹುದು.

ಮೆಡಿಟರೇನಿಯನ್ ಕರಾವಳಿಯಲ್ಲಿ ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆ ನಮ್ಮ ಮಾರ್ಚಿನಂತೆಯೇ ಒಣಗುಟ್ಟುತ್ತದೆ. ಹಾಗಾದರೆ ಆ ಹಸಿರು ಎಲ್ಲಿಂದ ಬಂತು? ಪೈಪಿನಿಂದ. ಸ್ಪೇನಿನ ದಕ್ಷಿಣ ತೀರದ ಎಷ್ಟೋ ಮೈದಾನಗಳು ಊರ ಕೊಳಚೆ ನೀರನ್ನು ಶುದ್ಧಿಮಾಡಿ ಹಾಯಿಸಿಕೊಳ್ಳುತ್ತವೆ. ಕೊಳವೆಬಾವಿ ಕೊರೆಸಿ, ಬರೀ ದೂಳು ಹಾರಿದ್ದನ್ನು ನೋಡಿ ಬಂದ ಅರಿಶಿನದ ರೈತನಿಗೆ ಇದನ್ನು ಹೇಳಿದರೆ ಅವನು ಮೊದಲು ಕೇಳುವುದು ಆಟದ ವಿಚಾರವನ್ನಲ್ಲ, ಮೋಟಾರು ಎಷ್ಟು ಎಚ್‌ಪಿಯದು ಎಂದು.

ಆದರೂ ನೋಡಲೇಬೇಕೆಂದರೆ ಆ ಕಡೆ ನೋಡುವಂಥವು ಇವೆ. ಸ್ಪೇನಿನ ವಾಲ್ಡೆರಾಮಾದಲ್ಲಿ ಬಾಟಲಿ ಬಿರಡೆಗೆ ತೊಗಟೆ ಕೊಡುವ ಕಾರ್ಕ್ ಓಕ್ ಮರಗಳಿವೆ. 1997ರಲ್ಲಿ ರೈಡರ್ ಕಪ್ ಪಂದ್ಯ ನಡೆದದ್ದು ಅಲ್ಲೇ. ಸೈಪ್ರಸ್ಸಿನ ಪಾಫೋಸ್ ಮೇಲಿನ ಗುಡ್ಡದಲ್ಲಿ ಮಿಂಥಿಸ್ ಎಂಬ ಮೈದಾನವಿದೆ. ಅದರ ನಡುವೆಯೇ 12ನೇ ಶತಮಾನದ ಒಂದು ಮಠ. ನನ್ನನ್ನು ಕೇಳಿದರೆ ಆ ಕಡೆ ಮೊದಲು ಹೋಗಬೇಕಾದ್ದು ಇದಕ್ಕೇ. ಆಟ ತಿಳಿಯದಿದ್ದರೂ ಮಠಕ್ಕೆ ಬಂದೆ ಎನ್ನಬಹುದು. ಬೆಟ್ಟದ ದಾರಿಯ ಊರಿನವರಿಗೆ ಇಂಥ ನೆಪ ಹೊಸದೇನಲ್ಲ.

ಮಾವನ ಮಾತಿಗೆ ಬರೋಣ. ಗಾಲ್ಫಿಗೂ ದನಕುರಿಗೂ ಹಳೆಯ ನಂಟೇ ಇದೆ. ಆಟದ ತವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಅಲ್ಲಿನ ಕಡಲಂಚಿನ ಮರಳು ನೆಲ ಊರೊಟ್ಟಿನದು, ಅಂದರೆ ಗೋಮಾಳವೇ. ಕುರಿಗಳೂ ಮೊಲಗಳೂ ಮೇಯ್ದು ಹುಲ್ಲನ್ನು ಗಿಡ್ಡ ಮಾಡಿದ್ದವು. ಗಾಳಿಗೆ ಕುರಿಗಳು ಮರೆಯಾಗಿ ಮಲಗಿ ಆದ ತಗ್ಗುಗಳೇ ಇಂದಿನ ಬಂಕರುಗಳ, ಅಂದರೆ ಮೈದಾನದ ಮರಳುಗುಂಡಿಗಳ, ಮೂಲ ಎನ್ನುತ್ತಾರೆ. ಅಲ್ಲಿ ಆಡುವ ಹಕ್ಕು ಊರವರದೆಂದು 1552ರಲ್ಲೇ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಬರೆದುಕೊಟ್ಟ. 18 ಗುಳಿಯ ಲೆಕ್ಕ ಹುಟ್ಟಿದ್ದೂ ಅಲ್ಲೇ, 1764ರಲ್ಲಿ. ಅಲ್ಲಿನ ಓಲ್ಡ್ ಕೋರ್ಸಿನ ಮೊದಲ ಮತ್ತು ಕೊನೆಯ ಗುಳಿಗಳ ಹಾದಿಗೆ ಅಡ್ಡಲಾಗಿ ಇಂದಿಗೂ ಸಾರ್ವಜನಿಕ ರಸ್ತೆಯೊಂದು ಹಾದುಹೋಗುತ್ತದೆ. ಮಾಮೂಲಾಗಿ ಭಾನುವಾರ ಆಟಕ್ಕೆ ರಜ. ಅಂದು ಊರವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಹುಲ್ಲಿನ ಮೇಲೆ ಅಡ್ಡಾಡುತ್ತಾರೆ.

ನಮ್ಮಲ್ಲಿ ಇದು ಉಲ್ಟಾ. 1876ರಷ್ಟು ಹಳೆಯ ಬೆಂಗಳೂರು ಗಾಲ್ಫ್ ಕ್ಲಬ್ಬನ್ನು ಹೊರಗಿನವರು ಎತ್ತರದ ಬಲೆಯ ಸಂದಿಯಲ್ಲಿ ನೋಡಬೇಕು. ಬಲೆ ಇರುವುದು ಚೆಂಡು ರಸ್ತೆಗೆ ಹಾರದಿರಲಿ ಎಂದು. ಆದರೆ ಒಳಗೆ ಇಣುಕುವ ನನ್ನಂಥವನಿಗೆ ಹಾಗೆ ಕಾಣುವುದಿಲ್ಲ. ಅದೇ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದ ಬೆಳಿಗ್ಗೆ, ಗಾಲ್ಫ್ ಕೋಲು ಮುಟ್ಟದವರೂ ಟಿವಿ ಮುಂದೆ ಕೂತಿದ್ದರು. ನಮಗೆ ಹತ್ತಿರದ್ದು ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ರೇಸ್‌ಕೋರ್ಸಿಗೆ ಅಂಟಿಕೊಂಡು, ಚಾಮುಂಡಿಬೆಟ್ಟದ ಎದುರಿಗಿದೆ. ಚೆಂಡು ಎತ್ತ ಹೋಯಿತೆಂದು ತಿಳಿಯದಿದ್ದರೂ ಬೆಟ್ಟವನ್ನಾದರೂ ನೋಡಬಹುದು.

ಇತ್ತ ಮಲೆ ಮಹದೇಶ್ವರ ವನ್ಯಧಾಮ 2013ರಲ್ಲಿ ಘೋಷಣೆಯಾಯಿತು. ಈಗ ಕಾಡಿಗೆ ದನ ಹೊಡೆಯುವುದು ಮೊದಲಿನಷ್ಟು ಸಲೀಸಲ್ಲ, ಊರ ಗೋಮಾಳವೂ ಮೊದಲಿನಷ್ಟು ಉಳಿದಿಲ್ಲ. ಮಾವನ ಪ್ರಶ್ನೆಯ ಹಿಂದೆ ಇದೂ ಇದ್ದೀತು. ಹೇಗೂ ಇರಲಿ, ಗಾಲ್ಫ್ ಮೈದಾನ ನೋಡಲು ಕಡಲು ದಾಟುವವರಿದ್ದರೆ ನನ್ನ ಸಲಹೆ ಇಷ್ಟೇ: ಬೆಲೆಕ್ ಆಮೇಲಾಗಲಿ, ಮೊದಲು ಸೇಂಟ್ ಆಂಡ್ರೂಸಿಗೆ ಭಾನುವಾರವೇ ಹೋಗಿ. ಅಂದು ಹುಲ್ಲಿನ ಮೇಲೆ ನಡೆಯಲು ಯಾರೂ ದುಡ್ಡು ಕೇಳುವುದಿಲ್ಲ.