ಟೋಕನ್ ಕೊಟ್ಟು ಹುರಿದುಂಬಿಸುವುದು ಹೇಗೆ?

ಮನುಷ್ಯನಿಗೆ ಮೊದಲು ಅನ್ನ ನೀರು, ಆಮೇಲೆ ಭದ್ರತೆ, ಆಮೇಲೆ ತನ್ನವರು ಅನ್ನುವವರು, ಆಮೇಲೆ ಮರ್ಯಾದೆ, ಎಲ್ಲಕ್ಕೂ ಕೊನೆಗೆ ತನ್ನೊಳಗಿನ ಶಕ್ತಿ ಅರಳಬೇಕೆಂಬ ಆಸೆ ಎಂದು ಅಮೆರಿಕದ ಅಬ್ರಹಾಂ ಮ್ಯಾಸ್ಲೋ 1943ರಲ್ಲೇ ಬರೆದಿಟ್ಟ. ನೀವು ಗಾರ್ಮೆಂಟ್ ಫ್ಯಾಕ್ಟರಿ ನಡೆಸುವವರಾದರೆ ಈ ಏಣಿಯನ್ನು ತಲೆಕೆಳಗು ನಿಲ್ಲಿಸಿ. ಮೇಲಿನ ಮೆಟ್ಟಿಲಿಗೆ ಖರ್ಚು ಕಡಿಮೆ, ಒಂದು ಫ್ಲೆಕ್ಸ್ ಸಾಕು. ‘ನಿಮ್ಮ ಕನಸೇ ನಮ್ಮ ಕನಸು’ ಎಂದು ಬರೆಸಿ ಶೌಚಾಲಯದ ಬಾಗಿಲ ಮೇಲೆ ಕಟ್ಟಿಸಿ. ಎಲ್ಲರ ಕಣ್ಣೂ ದಿನವಿಡೀ ಅತ್ತಲೇ ಇರುತ್ತದೆ.

ಏಕೆಂದರೆ ಶೌಚಕ್ಕೆ ಟೋಕನ್ ಇಡಬೇಕು. ಲೈನಿಗೆ ಎರಡೇ ಇರಲಿ. ಅಂಗೈಯಗಲದ ಹಲಗೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆಸಿ, ಸೂಪರ್‌ವೈಸರ್ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿ. ತೆಗೆಯಬೇಕಾದರೆ ಆತನ ಭುಜದ ಮೇಲಿಂದ ಕೈಚಾಚಬೇಕು. ಮುಜುಗರಕ್ಕೇ ಅರ್ಧ ಜನ ಏಳುವುದಿಲ್ಲ. ಒಂದು ವಾರ ತಾಳಿ. ಬೆಳಿಗ್ಗೆ ತುಂಬಿಸಿ ತಂದ ನೀರಿನ ಬಾಟಲಿ ಸಂಜೆ ತುಂಬಿಯೇ ಮನೆಗೆ ಹೋಗುವುದನ್ನು ಗೇಟಿನಲ್ಲಿ ನಿಂತು ನೋಡಿ. ಉರಿಮೂತ್ರವೆಂದು ಯಾರಾದರೂ ರಜೆ ಕೇಳಿದರೆ ‘ನೀರು ಜಾಸ್ತಿ ಕುಡಿಯಮ್ಮ’ ಎಂದು ಕಕ್ಕುಲಾತಿಯಿಂದ ಹೇಳಿ.

ಭದ್ರತೆಯ ವಿಷಯದಲ್ಲಿ ಮಾತ್ರ ಹುಷಾರು. ಪಿ.ಎಫ್. ಹಣ ತೆಗೆಯಲು ಹೊಸ ನಿರ್ಬಂಧ ತಂದಾಗ, 2016ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಕೇಂದ್ರ ಸರ್ಕಾರವೇ ಹಿಂದೆ ಸರಿಯಿತು. ಆದ್ದರಿಂದ ಗಂಟಿಗೆ ಕೈ ಹಾಕಬೇಡಿ, ಚಿಲ್ಲರೆ ಕೆರೆಯಿರಿ. ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಮುರಿಯಿರಿ. ಓವರ್‌ಟೈಮಿಗೆ, ಅಂದರೆ ಓಟಿಗೆ, ದುಪ್ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ನೀವು ಓಟಿ ಎಂದು ಬಾಯಿಬಿಡಲೇಬೇಡಿ, ‘ಉಳಿದ ಟಾರ್ಗೆಟ್’ ಎನ್ನಿ.

ಒಡನಾಟವೆ? ಪಕ್ಕದ ಮಷೀನಿನವರು ಡಬ್ಬಿ ಹಂಚಿಕೊಂಡು ಉಂಡ ದಿನವೇ ಒಬ್ಬಳ ಲೈನ್ ಬದಲಿಸಿ.

ಮರ್ಯಾದೆಗೆ ಆಯುಧಪೂಜೆ ಇದೆ. ಮಷೀನಿಗೆ ಹಾರ, ಕುಂಕುಮ, ಬೂದುಗುಂಬಳ. ಹೊಲಿಯುವವಳಿಗೆ ಕಡ್ಲೆಪುರಿ ಪೊಟ್ಟಣ. (ಕೆಟ್ಟುಹೋದರೆ ಮಷೀನಿಗಾದರೆ ಮೆಕ್ಯಾನಿಕ್ ಓಡಿಬರುತ್ತಾನೆ ಎಂಬುದನ್ನು ಅವಳು ಗಮನಿಸಿರುತ್ತಾಳೆ. ಇರಲಿ.) ಜೊತೆಗೆ ‘ತಿಂಗಳ ಉತ್ತಮ ಕೆಲಸಗಾರ್ತಿ’ಯನ್ನು ಆರಿಸಿ, ಫೋಟೋ ಹಾಕಿ, ಮರುದಿನ ಎಲ್ಲರಿಗೂ ಗಂಟೆಗೆ ಹತ್ತು ಪೀಸ್ ಏರಿಸಿ. ಅವಳ ಜೊತೆ ಊಟಕ್ಕೆ ಕೂರುವವರು ಆಮೇಲೆ ಯಾರೂ ಇರುವುದಿಲ್ಲ, ಲೈನ್ ಬದಲಿಸುವ ಕೆಲಸವೂ ಉಳಿಯಿತು.

ಇಷ್ಟಾದರೂ ಜನ ಕೆಲಸ ಬಿಡುತ್ತಾರೆ. ಹುರುಪು ತುಂಬುವ ಭಾಷಣಕಾರರನ್ನು ಕರೆಸಿ. ಊಟದ ಅರ್ಧ ಗಂಟೆಯಲ್ಲೇ ಮಾತಾಡಿಸಿ. ಬಾಗಿಲು ಹಾಕಿಸಿ, ಎರಡೂ ಟೋಕನ್ ಜೇಬಿಗಿಳಿಸಿ, ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ.